ಲೇಔಟಿಗೆ ಎಸ್‌ಟಿಪಿ ವಾಸನಿ ಹೊಡ್ಯಾಕತ್ತೈತಿ ಅಂದ್ರ ದೋಷ ಎಲ್ಲೈತಿ ಅಂತ ಹುಡುಕೋದು ಹೆಂಗ

ಹುಬ್ಬಳ್ಳಿ-ಧಾರವಾಡದ ಹೊರಗ ಹೊಸ ಲೇಔಟ್‌ನ್ಯಾಗ ಸೈಟ್ ತಗೊಂಡು ಮನಿ ಕಟ್ಟಿಸಿದ ಮಂದಿ ಭೆಟ್ಟಿ ಆದಾಗೆಲ್ಲ ಕೇಳೋದು ಇದ ಒಂದು, ರಾತ್ರಿ ಎಂಟರ ಮ್ಯಾಲ ಖಿಡಕಿ ತಗಿಯಾಕ ಆಗವಲ್ದ್ರಿ, ಎಸ್‌ಟಿಪಿ ಅಂದ್ರ ಕೊಳಚಿ ನೀರು ಶುದ್ಧ ಮಾಡೋ ಪ್ಲ್ಯಾಂಟಿನ ಗಬ್ಬು ವಾಸನಿ ಮನಿ ತುಂಬ ಬರತೈತಿ, ಕಂಪ್ಲೇಂಟ್ ಕೊಟ್ರ ಮರುದಿನ ಮುಂಜಾನಿ ಹನ್ನೊಂದಕ್ಕ ಒಬ್ರು ಗಾಡಿ ಮ್ಯಾಲ ಬಂದು ಗೇಟಿನ ಮುಂದ ನಿಂತು "ಏನೂ ವಾಸನಿ ಇಲ್ಲಲ್ರೀ" ಅಂತ ಹೇಳಿ ಹೋಗಿಬಿಡತಾರ. ಅವರು ಹೇಳೋದು ಸುಳ್ಳೂ ಅಲ್ಲ, ಮುಂಜಾನಿ ಹನ್ನೊಂದಕ್ಕ ಖರೇನ ಇರಂಗಿಲ್ಲ.

ನಾ ಪಂಪು, ಬ್ಲೋವರ್ (ಟಾಕಿಗೆ ಗಾಳಿ ಊದೋ ಮಷಿನ್) ರಿಪೇರಿ ಲೈನಿನ್ಯಾಗ ಇರಾಂವ, ಅಪಾರ್ಟ್‌ಮೆಂಟಿನ ಸಣ್ಣ ಪ್ಲ್ಯಾಂಟಿಂದ ಹಿಡ್ದು ಊರಿನ ದೊಡ್ಡ ಪ್ಲ್ಯಾಂಟ್ ತನಕ ನೋಡೇನಿ. ನಂದು ಹೇಳೋದು ಒಂದ ಮಾತು. "ವಾಸನಿ ಬರತೈತಿ" ಅಂತ ಬರದ್ರ ಅದು ಫೈಲಿನ್ಯಾಗ ಸತ್ತು ಹೋಗತೈತಿ, ಯಾವ ಥರದ ವಾಸನಿ, ಎಷ್ಟೊತ್ತಿಗೆ, ಯಾ ಕಡಿ ಗಾಳಿ ಇದ್ದಾಗ ಅಂತ ಬರದ್ರ ಅದು ಪ್ಲ್ಯಾಂಟಿನ ಯಾವ ಟಾಕಿ, ಯಾವ ಮಷಿನ್ ಅನ್ನೋ ತನಕ ಬೆರಳು ತೋರಸತೈತಿ. ಇನ್ನ ಕೆಲವ್ರು ಸಿಟ್ಟಿನ್ಯಾಗ ಪ್ಲ್ಯಾಂಟ ಬಂದ್ ಮಾಡಸ್ರಿ ಅಂತಾರ, ಅದು ಬಂದ್ ಆದ್ರ ಅಷ್ಟೂ ನೀರು ಹಂಗ ನಾಲಾಕ್ಕ ಹೋಗಿ ಮುಂದಿನ ಹಳ್ಳಿಯವರ ಮನಿ ಬಾಗಲಿಗೆ ನಾರತೈತಿ, ಅದು ಪರಿಹಾರ ಅಲ್ಲ ಬಿಡ್ರಿ. ಸರಿ ನಡಿಯೋ ಪ್ಲ್ಯಾಂಟ್ ಕಂಪೌಂಡಿನ ಹೊರಗ ಅಷ್ಟು ನಾರಂಗಿಲ್ಲ. ನಾರಾಕತ್ತೈತಿ ಅಂದ್ರ ಒಳಗ ಏನೋ ಕೆಟ್ಟೈತಿ, ಇಲ್ಲಾ ಯಾರೋ ಏನೋ ಉಳಸಾಕತ್ತಾರ ಅಂತ ಅರ್ಥ.

ಮೊದ್ಲ ನಿಮ್ಮ ಬಚ್ಚಲ ನೋಡ್ರಿ

ನಗಬ್ಯಾಡ್ರಿ, ಪ್ಲ್ಯಾಂಟಿನ ವಾಸನಿ ಅಂತ ಕರದಲ್ಲಿ ಹೋದ್ರ ಎಷ್ಟೋ ಸಲ ಮನಿಯೊಳಗಿಂದನ ಬರತಿರತೈತಿ. ಬಚ್ಚಲದ ನೆಲಕ್ಕ ಜಾಳಿಗಿ ಇರತೈತಲ್ಲ, ಅದರ ಕೆಳಗ ನಹಾನಿ ಟ್ರ್ಯಾಪ್ ಅಂತ ಒಂದಿರತೈತಿ, ಅದರಾಗ ಎರಡಿಂಚು ನೀರು ಯಾವಾಗ್ಲೂ ನಿಂತಿರಬೇಕು, ಗಟಾರದ ಗಾಳಿ ಮ್ಯಾಲ ಬರದಂಗ ತಡಿಯೋದು ಆ ನೀರ. ಮ್ಯಾಲಿನ ಮಜಲಿನ ಬಚ್ಚಲ, ಬೀಗರು ಬಂದಾಗಷ್ಟ ಬಳಸೋ ಬಚ್ಚಲ, ಇವು ಏಪ್ರಿಲ್-ಮೇ ಬಿಸಲಿಗೆ ಒಣಗಿ ಬಿಡತಾವ, ಆಮ್ಯಾಲ ಇಡೀ ಓಣಿಯ ಯುಜಿಡಿ (ನೆಲದೊಳಗಿನ ಗಟಾರ ಪೈಪು) ಗಾಳಿ ನಿಮ್ಮ ಮನಿಯೊಳಗ. ಎರಡು ಚರಗಿ ನೀರು ಹಾಕ್ರಿ, ಮ್ಯಾಲ ಒಂದು ಚಮಚ ಅಡಗಿ ಎಣ್ಣಿ ಬಿಡ್ರಿ, ಎಣ್ಣಿ ಪದರ ಇದ್ರ ನೀರು ಲಗೂ ಆರಂಗಿಲ್ಲ. ಮುಂಜಾನಿ ತನಕ ವಾಸನಿ ಹೋತಂದ್ರ ಮುಗೀತು, ಮುಂದ ಓದೂ ಕೆಲಸಾನ ಇಲ್ಲ.

ಇನ್ನೊಂದು ಪರೀಕ್ಷೆ ಇನ್ನೂ ಸಸ್ತಾ. ವಾಸನಿ ಬಂದಾಗ ಹೊರಗ ಕಟ್ಟಿಗೆ ಬಂದು ನಿಂದರ್ರಿ. ಒಳಗ ಜಾಸ್ತಿ ಹೊರಗ ಕಡಿಮಿ ಇದ್ರ ಮನಿದ ದೋಷ, ಟ್ರ್ಯಾಪ್ ಇಲ್ಲಾ ವೆಂಟ್ ಪೈಪ್ ಇಲ್ಲಾ ಹಿತ್ತಲದಾಗ ಚೇಂಬರ್ ಮುಚ್ಚಳ ಸೀಳಿರತೈತಿ. ಹೊರಗ ಜಾಸ್ತಿ ಇದ್ರ ಮುಂದ ಹೋಗೂಣು.

ಗಾಳಿ ಸಾಕ್ಷಿ ಹೇಳಬೇಕು

ನಮ್ಮ ಕಡಿ ಗಾಳಿ ಲೆಕ್ಕ ದಪ್ಪಗ ಹೇಳಬೇಕಂದ್ರ ಜೂನ್‌ದಿಂದ ಸೆಪ್ಟೆಂಬರ್ ತನಕ ಪಶ್ಚಿಮ, ನೈಋತ್ಯದಿಂದ ಜೋರ ಬೀಸತೈತಿ, ನವೆಂಬರ್‌ದಿಂದ ಫೆಬ್ರವರಿ ತನಕ ಪೂರ್ವ, ಈಶಾನ್ಯದಿಂದ ಮೆತ್ತಗ ಬರತೈತಿ. ಗದಗಿನ ಕಪ್ಪತಗುಡ್ಡದ ಕಡಿ ಇರೋರಿಗೆ ಇದನ್ನ ಹೇಳೂದ ಬ್ಯಾಡ, ಅವರ ಗುಡ್ಡದ ಮ್ಯಾಲಿನ ಫ್ಯಾನ್‌ಗಳ ಮಾರಿ ನೋಡಿದ್ರ ಗೊತ್ತಾಗತೈತಿ. ಹಂಗಾಗಿ ಪ್ಲ್ಯಾಂಟು ನಿಮ್ಮ ಮನಿಗೆ ಪೂರ್ವಕ್ಕ ಐತಿ, ಆಷಾಢದ ಭರ್ರ ಅನ್ನೋ ಪಡುವಣ ಗಾಳಿಯೊಳಗೂ ವಾಸನಿ ಬರಾಕತ್ತೈತಿ ಅಂದ್ರ ಕಳ್ಳ ಬ್ಯಾರೆ ಅದಾನ. ಹಂತಾ ಹೊತ್ತಿನ್ಯಾಗ ನಾಲಾ, ಕಸದ ಯಾರ್ಡ್, ಕೋಳಿ ಫಾರ್ಮ್, ಪಕ್ಕದ ಖಾಲಿ ಸೈಟಿನ್ಯಾಗ ಒಡದ ಯುಜಿಡಿ ಲೈನು, ಇವನ್ನ ನೋಡ್ರಿ. ನಾಲಾದ ವಾಸನಿ ದಂಡಿಗುಂಟ ಎಲ್ಲಾ ಕಡಿ ಒಂದ ನಮೂನಿ ಇರತೈತಿ, ಉಣಕಲ್ ನಾಲಾದ ಗುಂಟ ಒಮ್ಮೆ ಬೇಸಿಗ್ಯಾಗ ಅಡ್ಡಾಡಿದೋರಿಗೆ ಗೊತ್ತು. ಕಸದ ಯಾರ್ಡಿನ ವಾಸನಿ ಜೋಡಿ ಪ್ಲಾಸ್ಟಿಕ್ ಸುಟ್ಟ ಹೊಗಿ ಘಾಟು ಇರತೈತಿ. ಕೋಳಿ ಫಾರ್ಮಿಂದು ಕಣ್ಣಿಗೆ ಹತ್ತತೈತಿ.

ಗಾಳಿ ಯಾ ಕಡಿಯಿಂದ ಅಂತ ನೋಡಾಕ ಮಾಳಗಿ ಮ್ಯಾಲ ಹೋಗಿ ಎರಡು ಊದಿನಕಡ್ಡಿ ಹಚ್ಚಿ ಹಿಡೀರಿ, ಹೊಗಿ ಯಾ ಕಡಿ ಹೋಗತೈತಿ ಅದರ ವಿರುದ್ಧ ದಿಕ್ಕಿಂದ ಗಾಳಿ ಬರಾಕತ್ತೈತಿ. ಮೊಬೈಲ್ ವೆದರ್ ಆ್ಯಪ್‌ನ್ಯಾಗ ವೆಸ್ಟ್ ಅಂತ ತೋರಿಸಿದ್ರ ಪಶ್ಚಿಮದಿಂದ ಬರೋ ಗಾಳಿ ಅಂತ, ಪಶ್ಚಿಮಕ್ಕ ಹೋಗೋದಲ್ಲ, ಇದರಾಗ ಭಾಳ ಮಂದಿ ಉಲ್ಟಾ ಬರದು ಕಂಪ್ಲೇಂಟ್ ಕೆಡಸ್ಕೋತಾರ. ಇನ್ನ ಚಳಿಗಾಲದ ರಾತ್ರಿ ಮಾತು ಬ್ಯಾರೆ. ಗಾಳಿ ನಿಂತಿರತೈತಿ, ನೆಲದ ಹತ್ರ ತಂಪು ಗಾಳಿ ಕೆಳಗ, ಬೆಚ್ಚಗಿಂದು ಮ್ಯಾಲ, ಮುಚ್ಚಳ ಹಾಕಿಧಂಗ ಆಗಿ ವಾಸನಿ ಮ್ಯಾಲ ಏಳಾಕ ಆಗದ ತಗ್ಗಿನ ಕಡಿ ಹರಕೋಂತ ಹೋಗತೈತಿ. ಅದಕ್ಕ ಪ್ಲ್ಯಾಂಟಿಗೆ ಹತ್ತಿದ ಎತ್ತರದ ಮನಿಗೆ ಏನೂ ಗೊತ್ತಾಗಂಗಿಲ್ಲ, ಅರ್ಧ ಕಿಲೋಮೀಟರ್ ಆಚೆ ತಗ್ಗಿನ ಮನಿಯವರು ಮೂಗು ಮುಚ್ಚಿ ಮಲಗಿರತಾರ. ಕೊಳತ ತತ್ತಿ ವಾಸನಿಯ ಹೈಡ್ರೋಜನ್ ಸಲ್ಫೈಡ್ ಗ್ಯಾಸ್ ಗಾಳಿಗಿಂತ ಭಾರ ಐತಿ ಅದಕ್ಕ ತಗ್ಗಿಗೆ ಬರತೈತಿ ಅಂತ ಕೆಲವ್ರು ಹೇಳತಾರ, ಅದು ಚೇಂಬರಿನ ಒಳಗ ಖರೆ, ಆದ್ರ ಲೇಔಟ್ ತನಕ ಬರೋವಾಗ ಅದು ಅಷ್ಟು ತೆಳ್ಳಗಾಗಿರತೈತಿ ಅಂದ್ರ ಗಾಳಿ ಹೋದಲ್ಲಿ ಹೋಗತೈತಿ ಅಷ್ಟ.

ದಾಖಲಿ ಇಡಾಕ ಒಂದು ಚಲೋ ಪದ್ಧತಿ ಐತಿ, ಜರ್ಮನಿಯೊಳಗ ಸರ್ಕಾರದ ಮಟ್ಟಕ್ಕ ಇದನ್ನ ಮಾಡತಾರ. ಒಂದ ಜಾಗಾದಾಗ 10 ನಿಮಿಷ ನಿಂದರೋದು, 10 ಸೆಕೆಂಡಿಗೊಮ್ಮೆ ಉಸರು ತಗೊಂಡು ವಾಸನಿ ಐತೋ ಇಲ್ಲೋ ಅಂತ ಗೆರಿ ಹಾಕೋದು, ಒಟ್ಟು 60 ಸಲ ಆಗತೈತಿ, ಅದರಾಗ 6 ಸಲ ಇಲ್ಲಾ ಅದಕ್ಕಿಂತ ಜಾಸ್ತಿ ವಾಸನಿ ಸಿಕ್ಕಿದ್ರ ಆ ತಾಸನ್ನ ವಾಸನಿ ತಾಸು ಅಂತ ಹಿಡಿತಾರ. ವರ್ಷದ ತಾಸಿನ್ಯಾಗ ನೂರಕ್ಕ 10 ಮೀರಿದ್ರ ಮನಿ ಇರೋ ಜಾಗಾಕ್ಕ ಜಾಸ್ತಿ ಆತು ಅಂತ ಅಲ್ಲಿಯ ಲೆಕ್ಕ. ನಾವು ವರ್ಷಾನುಗಟ್ಲೆ ಮಾಡಾಕ ಆಗಂಗಿಲ್ಲ ಖರೆ, ಆದ್ರ ನಾಕೈದು ಮನಿಯವರು ಹಂಚಕೊಂಡು ಎರಡು ವಾರ ಮಾಡಿದ್ರ ಸಾಕು, ತಾರೀಖು, ಟೈಮು, ಗಾಳಿ, ವಾಸನಿ ಜಾತಿ, ನಳ ಬಂದಿತ್ತೋ ಇಲ್ಲೋ, ಕರೆಂಟ್ ಹೋಗಿತ್ತೋ, ಮಳಿ ಆಗಿತ್ತೋ, ಇಷ್ಟ ಕಾಲಂ. ಒಂದ ಮನಿಯವರು ಮಾತ್ರ ಬರದ್ರ ಅವರಿಗೆ ಜಗಳ ಮಾಡೋ ಚಟ ಅಂತಾರ.

ಮತ್ತ ಮೂಗಿನ ಸ್ವಭಾವ ನೆನಪಿರಲಿ. ಅದ ವಾಸನಿಯೊಳಗ ಕುಂತ್ರ ಸ್ವಲ್ಪ ಹೊತ್ತಿನ್ಯಾಗ ಮೂಗು ದಣದು ಬಿಡತೈತಿ. ಅದಕ್ಕ ಪ್ಲ್ಯಾಂಟಿನ ಆಪರೇಟರ್ "ನಮಗೇನೂ ಬರಂಗಿಲ್ರಿ" ಅನ್ನೋದು, ಅಂವ ಸುಳ್ಳು ಹೇಳಾಕತ್ತಿಲ್ಲ. ಹೊರಗಿಂದ ಬಂದ ಬೀಗರು ಗಾಡಿ ಇಳದ ಕೂಡ್ಲೆ ಮಾರಿ ಸಿಂಡರಸ್ತಾರ ನೋಡ್ರಿ, ಅವರ ಮೂಗು ಭಾಳ ನಂಬಿಕಸ್ತ.

ವಾಸನಿ ಜಾತಿ ಗುರ್ತಿಸೋದು

ಕೊಳತ ತತ್ತಿ ವಾಸನಿ ಇದ್ರ ಹೈಡ್ರೋಜನ್ ಸಲ್ಫೈಡ್. ನೀರಿನ್ಯಾಗ ಆಕ್ಸಿಜನ್ ಪೂರ್ತಿ ಮುಗದು ಕೊಳಚಿ ಹಳೇದಾಗಿ ಸೆಪ್ಟಿಕ್ ಆಗೈತಿ ಅಂತ, ಇನ್‌ಲೆಟ್ ಚೇಂಬರ್, ಕೊಳಚಿ ಕೂಡೋ ಪಂಪಿನ ಬಾವಿ ಅಂದ್ರ ವೆಟ್‌ವೆಲ್, ಇಲ್ಲಾ ಬ್ಲೋವರ್ ಗಾಳಿ ಊದೋದು ನಿಂತ ಏರೇಶನ್ ಟಾಕಿ, ಈ ಮೂರರಾಗ ಒಂದು. ಕೊಳತ ಉಳ್ಳಾಗಡ್ಡಿ, ಕೋಬಿಜ್ ವಾಸನಿ ಇದ್ರ ಮರ್‌ಕ್ಯಾಪ್ಟನ್ ಅನ್ನೋ ಗಂಧಕದ ಗ್ಯಾಸಿನ ಜಾತಿ, ಅದು ಹೆಚ್ಚಾಗಿ ಸ್ಲಡ್ಜ್ ಅಂದ್ರ ಕೆಸರು ಕೂಡಿಟ್ಟ ಜಾಗಾದ್ದು. ಮೀನಿನ ವಾಸನಿ ಬಂದ್ರೂ ಸ್ಲಡ್ಜಿಂದ, ಪಾಲಿಮರ್ ಹಾಕಿ ನೀರು ಹಿಂಡೋ ಕಡಿಯಿಂದ. ಕಣ್ಣು ಮೂಗು ಚುರ್ರ ಅಂದ್ರ ಅಮೋನಿಯಾ, ಸ್ಲಡ್ಜಿಗೆ ಸುಣ್ಣ ಹಾಕಿದಾಗ ಏಳತೈತಿ. ವಾಂತಿ ನಮೂನಿ ಹುಳಿ ವಾಸನಿ ಇದ್ರ ಪ್ಲ್ಯಾಂಟಿಗೆ ತಾಕತ್ತಿಗಿಂತ ಜಾಸ್ತಿ ಮಾಲು ಬಂದೈತಿ. ಬ್ಲೀಚಿಂಗ್ ವಾಸನಿ ಅಂದ್ರ ಕೊನಿಗೆ ಕ್ಲೋರಿನ್ ಹಾಕೋ ಕಡಿ ಡೋಸ್ ಹೆಚ್ಚಾಗೈತಿ, ಅದೇನ ದೊಡ್ಡದಲ್ಲ. ಹಸಿ ಮಣ್ಣಿನ ವಾಸನಿ ಅಂದ್ರ ಟಾಕಿ ಆರೋಗ್ಯದಾಗ ಐತಿ, ಅದಕ್ಕ ಕಂಪ್ಲೇಂಟ್ ಕೊಡಬ್ಯಾಡ್ರಿ.

ತತ್ತಿ ವಾಸನಿಗೆ ಮನಿಯೊಳಗ ಒಂದು ಗಟ್ಟಿ ಸಾಕ್ಷಿ ಇರತೈತಿ, ದೇವರ ಕ್ವಾಣಿಯೊಳಗಿನ ಬೆಳ್ಳಿ. ತಿಕ್ಕಿ ಬೆಳಗಿಟ್ಟ ಬೆಳ್ಳಿ ಕರಡಿಗಿ, ವಿಭೂತಿ ಭರಣಿ ಹದಿನೈದು ದಿನದಾಗ ಕಂದು ಹೋಗಿ ಕರ್ರಗ ಆಗಾಕತ್ರ, ಅದ ಊರಿನ್ಯಾಗ ದೂರ ಇರೋ ನಿಮ್ಮ ತಂಗಿ ಮನಿಯೊಳಗ ಅಷ್ಟು ದಿನಕ್ಕ ಏನೂ ಆಗದ ಇದ್ರ, ಸಲ್ಫೈಡ್ ಬರಾಕತ್ತೈತಿ ಅಂತನ. ಎಸಿ ಹಾಕಿಸಿದವರು ತಾಮ್ರದ ಕಾಯಿಲ್ ಕಪ್ಪಾಗಿ ಗ್ಯಾಸ್ ಲೀಕ್ ಆಗೋದನ್ನೂ ನೋಡಿರತಾರ. ಇನ್ನೂ ಪಕ್ಕಾ ಬೇಕಂದ್ರ ಲ್ಯಾಬ್ ಸಾಮಾನಿನ ಅಂಗಡಿಯೊಳಗ ಲೆಡ್ ಅಸಿಟೇಟ್ ಕಾಗದದ ಪಟ್ಟಿ ಸಿಗತಾವ, ಸ್ವಲ್ಪ ನೀರಿನ್ಯಾಗ ಒದ್ದಿ ಮಾಡಿ ಖಿಡಕಿ ಹೊರಗ ಕಟ್ಟಿದ್ರ ಸಲ್ಫೈಡಿಗೆ ಕಂದು-ಕಪ್ಪು ಆಗತೈತಿ. ಅದು ಸೀಸದ್ದು, ಹುಡುಗರ ಕೈಗೆ ಕೊಡಬ್ಯಾಡ್ರಿ, ಮುಟ್ಟಿದ ಮ್ಯಾಲ ಕೈ ತೊಳ್ಕೋರಿ.

ಎಷ್ಟೊತ್ತಿಗೆ ಬರತೈತಿ ಅನ್ನೋದರಾಗ ಅರ್ಧ ಉತ್ತರ ಐತಿ

ಹದಿನೈದು ಇಪ್ಪತ್ತು ನಿಮಿಷ ಧಡಕ್ಕನ ಬಂದು ಹೋಗತೈತಿ, ತಾಸೆರಡು ತಾಸಿಗೆ ಮತ್ತ ಬರತೈತಿ ಅಂದ್ರ ಅದು ಪಂಪಿನ ತಾಳ. ಊರಿನ ತಗ್ಗಿನ್ಯಾಗ ವೆಟ್‌ವೆಲ್ ಅಂತ ಬಾವಿ ಇರತೈತಿ, ಅಲ್ಲಿ ಕೊಳಚಿ ತುಂಬಿದ ಮ್ಯಾಲ ಮೋಟರ್ ಚಾಲೂ ಆಗಿ ಉದ್ದ ಪೈಪಿನ್ಯಾಗ ಪ್ಲ್ಯಾಂಟಿಗೆ ಎತ್ತತೈತಿ. ಆ ಪೈಪು ಪೂರ್ತಿ ತುಂಬಿರತೈತಿ, ಗಾಳಿನ ಇಲ್ಲ, ಅದರಾಗ ತಾಸುಗಟ್ಲೆ ನಿಂತ ಕೊಳಚಿ ಒಳಗ ಬ್ಯಾಕ್ಟೀರಿಯಾ ಸಲ್ಫೇಟನ್ನ ಸಲ್ಫೈಡ್ ಮಾಡತಾವ, ಮೋಟರ್ ಹೊಡದ ಕೂಡ್ಲೆ ಅದು ಇನ್‌ಲೆಟ್ ಚೇಂಬರಿನ್ಯಾಗ ಮ್ಯಾಲಿಂದ ಧೊಪ್ ಅಂತ ಬಿದ್ದು ಗ್ಯಾಸ್ ಎಲ್ಲಾ ಹೊರಗ. ಇಲ್ಲಿ ಪ್ಲ್ಯಾಂಟಿನ ಪಾಪ ಏನಿಲ್ಲ, ದೋಷ ಹಿಂದ ಐತಿ. ವೆಟ್‌ವೆಲ್ಲಿನ ಫ್ಲೋಟ್ ಲೆವೆಲ್ ಕೆಳಗ ಇಳಿಸಿ ಮೋಟರ್ ಪದೇ ಪದೇ ಸಣ್ಣಗ ಓಡೋಹಂಗ ಸೆಟ್ ಮಾಡಿದ್ರ ಕೊಳಚಿ ಹಳೇದಾಗೋದು ಕಡಿಮಿ ಆಗತೈತಿ, ಇದಕ್ಕ ಖರ್ಚ ಇಲ್ಲ, ಆದ್ರ ಸ್ಟಾರ್ಟರ್ ತಡಕೋತೈತೋ ಇಲ್ಲೋ ನೋಡಿ ಮಾಡಬೇಕು. ಸಾಲಂಗಿಲ್ಲ ಅಂದ್ರ ಪೈಪಿನ ಶುರುವಿನ್ಯಾಗ ಕ್ಯಾಲ್ಸಿಯಂ ನೈಟ್ರೇಟ್ ಇಲ್ಲಾ ಫೆರಿಕ್ ಕ್ಲೋರೈಡ್ ಡೋಸ್ ಕೊಡತಾರ.

ನಮ್ಮ ಕಡಿ ಇನ್ನೊಂದು ವಿಶೇಷ ಐತಿ, ಇದನ್ನ ಬ್ಯಾರೆ ಊರಿನ ಪುಸ್ತಕದಾಗ ಬರದಿರಂಗಿಲ್ಲ. ಭಾಳ ವಾರ್ಡಿನ್ಯಾಗ ನಳ ದಿನಾ ಬರಂಗಿಲ್ಲ. ನಳ ಬಂದ ದಿನ ಎಲ್ಲಾರೂ ಅರಬಿ ಒಗದು, ಅಂಗಳಾ ತೊಳದು, ಟಾಕಿ ತೊಳದು ನೀರು ಬಿಡತಾರ, ಉಳದ ದಿನ ಎಲ್ಲಾ ಬಿಗಿ ಹಿಡದು ಖರ್ಚ ಮಾಡತಾರ. ಯುಜಿಡಿ ಪೈಪಿನ್ಯಾಗ ಕೊಳಚಿ ಸೆಕೆಂಡಿಗೆ ಕಡಿಮಿ ಅಂದ್ರ 0.6 ಮೀಟರ್ ವೇಗದಾಗ ಹರದ್ರ ಮಾತ್ರ ಹೊಲಸು ತಳಕ್ಕ ಕೂಡದ ಹೋಗತೈತಿ, ನಳ ಇಲ್ಲದ ದಿನ ಅಷ್ಟು ಹರಿವ ಇರಂಗಿಲ್ಲ, ಹೊಲಸು ಪೈಪಿನ್ಯಾಗ ಕುಂತು ಕೊಳಿತೈತಿ, ಮತ್ತ ನಳ ಬಂದ ದಿನ ಒಮ್ಮೆಲೆ ಎಲ್ಲಾ ಹೊಳ್ಳಿ ಪ್ಲ್ಯಾಂಟಿಗೆ. ಹಂಗಾಗಿ ವಾಸನಿ ನಳದ ಪಾಳಿ ಜೋಡಿ ಬರಾಕತ್ತೈತಿ ಅಂತ ನಿಮ್ಮ ದಾಖಲಿಯೊಳಗ ಕಂಡ್ರ ಪ್ಲ್ಯಾಂಟ್ ಎಂಜಿನಿಯರ್ ಜೋಡಿ ಜಗಳ ಮಾಡಿ ಉಪಯೋಗ ಇಲ್ಲ, ಲೈನಿಗೆ ಜೆಟ್ಟಿಂಗ್ ಮಷಿನ್ ಹಚ್ಚಿ ಹೂಳು ತಗಸ್ರಿ ಅಂತ ಕೇಳಬೇಕು. ಏಪ್ರಿಲ್-ಮೇದಾಗ ಮೊದಲ ಅಡ್ಡ ಮಳಿ ಬಿದ್ದ ರಾತ್ರಿ ಬರೋದೂ ಇದ ಜಾತಿ, ಅದು ಒಂದೆರಡು ದಿನಕ್ಕ ತಾನ ಹೋಗತೈತಿ.

ಬರೇ ರಾತ್ರಿ ಬರತೈತಿ ಅನ್ನೋದು ಎಲ್ಲಾಕ್ಕಿಂತ ಕಠಿಣ, ಯಾಕಂದ್ರ ಅದಕ್ಕ ಎರಡು ಕಾರಣ ಇರಬಹುದು, ಎರಡೂ ಹೊರಗಿಂದ ಒಂದ ನಮೂನಿ ಕಾಣತಾವ. ಒಂದು ಮ್ಯಾಲ ಹೇಳಿದ ಚಳಿಗಾಲದ ನಿಂತ ಗಾಳಿ. ಇನ್ನೊಂದು ಬ್ಲೋವರ್ ಬಂದ್ ಮಾಡೋದು. ಪ್ಲ್ಯಾಂಟಿನ ಕರೆಂಟ್ ಬಿಲ್ಲಿನ್ಯಾಗ ದೊಡ್ಡ ಪಾಲು ಬ್ಲೋವರಿಂದ, ಗುತ್ತಿಗಿ ತಗೊಂಡಾಂವಗ ರಾತ್ರಿ ನಾಕ್ತಾಸು ಬಂದ್ ಇಟ್ರ ಅಷ್ಟು ಉಳೀತು. ಫರಕ ಹಿಡಿಯೋದು ಹಿಂಗ: ನಿಂತ ಗಾಳಿ ವಾಸನಿ ಹೊತ್ತು ಮುಳುಗಿದ ಮ್ಯಾಲ ಮೆಲ್ಲಕ ಏರಿ, ಮುಂಜಾನಿ ಬಿಸಲು ಬಿದ್ದು ಎಂಟು-ಒಂಬತ್ತಕ್ಕ ತಾನ ಕರಗತೈತಿ, ಮಳಿಗಾಲದಾಗ ಇರಂಗಿಲ್ಲ. ಬ್ಲೋವರ್ ಬಂದ್ ಮಾಡಿದ ವಾಸನಿ ಹವಾ ಹೆಂಗರ ಇರಲಿ ಬರತೈತಿ. ಮತ್ತ ಒಂದು ಮಜಾ ಅಂದ್ರ ಬಂದ್ ಇದ್ದಾಗಕ್ಕಿಂತ ಮತ್ತ ಚಾಲೂ ಮಾಡಿದಾಗ ಜಾಸ್ತಿ ಬರತೈತಿ, ಯಾಕಂದ್ರ ತಳದಾಗ ಕೂಡಿದ ಗ್ಯಾಸೆಲ್ಲ ಗಾಳಿ ಗುಳ್ಳಿ ಜೋಡಿ ಹೊರಗ ಬರತೈತಿ. ನಸುಕಿನ ಐದಕ್ಕ ಒಮ್ಮೆಲೆ ಹೊಡದು ಅರ್ಧ ತಾಸಿಗೆ ಕಡಿಮಿ ಆಗತೈತಿ ಅಂದ್ರ ನನಗ ಮೊದಲ ಅನುಮಾನ ಅದರ ಮ್ಯಾಲ. ಕಿವಿನೂ ಬಳಸ್ರಿ. ನಿಶ್ಶಬ್ದ ರಾತ್ರಿಯೊಳಗ ಬ್ಲೋವರಿನ ಗುಂಯ್ ಅನ್ನೋ ಸಪ್ಪಳ ಭಾಳ ದೂರ ಕೇಳತೈತಿ, ಅದು ಹನ್ನೊಂದೂವರಿಗೆ ನಿಂತು ಐದಕ್ಕ ಶುರು ಆಗತೈತಿ ಅಂದ್ರ ಮಾಳಗಿ ಮ್ಯಾಲ ನಿಂತು ಮೊಬೈಲ್‌ನ್ಯಾಗ ರೆಕಾರ್ಡ್ ಮಾಡ್ಕೋರಿ. ಕರೆಂಟ್ ಹೋದಾಗ ಜನರೇಟರ್ ಚಾಲೂ ಆಗತೈತೋ ಇಲ್ಲೋ ಅದನ್ನೂ ಬರದಿಡ್ರಿ, ಜನರೇಟರ್ ಇರತೈತಿ, ಡೀಸೆಲ್ ಇರಂಗಿಲ್ಲ.

ಯಾ ತಾಳಕ್ಕೂ ಕೂಡದ, ವಾರಕ್ಕ ಒಂದೆರಡು ಸಲ ಯಾವಾಗೋ ಧಡಕ್ಕನ ಬಂದ್ರ ಟ್ಯಾಂಕರ್ ನೋಡ್ರಿ. ಸೆಪ್ಟಿಕ್ ಟ್ಯಾಂಕ್ ಹೀರಿದ ಗಾಡಿಯವರು ಹತ್ತಿರದ ಚೇಂಬರಿನ್ಯಾಗ ಸುರುವಿ ಹೋಗತಾರ, ಆ ಮಾಲು ಸಾದಾ ಕೊಳಚಿಗಿಂತ ಹತ್ತಾರು ಪಟ್ಟು ಗಟ್ಟಿ, ಸಣ್ಣ ಪ್ಲ್ಯಾಂಟ್ ಆದ್ರ ಒಂದ ಗಾಡಿಗೆ ನಾಕ ದಿನ ಏಳಂಗಿಲ್ಲ.

ಪ್ಲ್ಯಾಂಟಿನ ಒಳಗ ಬಿಟ್ರ ಏನ ನೋಡಬೇಕು

ದಾಖಲಿ ಹಿಡ್ಕೊಂಡು ಮೂರು ನಾಕು ಮಂದಿ ಹೋಗ್ರಿ, ಒದರಾಡಬ್ಯಾಡ್ರಿ. ಒಳಗ ಇರಾಂವ ಗುತ್ತಿಗಿ ಹುಡುಗ, ಅಂವಗ ಬೈದ್ರ ಏನೂ ಹೇಳಂಗಿಲ್ಲ. "ತಮ್ಮಾ, ನಿಂದೇನೂ ತಪ್ಪಿಲ್ಲೋ, ಎಲ್ಲಾ ಮಷಿನ್ ನಡ್ಯಾಕತ್ತಾವೇನಪಾ" ಅಂತ ಕೇಳ್ರಿ, ಅಂವನ ಹೇಳತಾನ, "ಎರಡನೇ ಬ್ಲೋವರಿನ ಬೆಲ್ಟ್ ಹೋಗೈತ್ರಿ ಅಣ್ಣಾರ, ಸಾಹೇಬ್ರಿಗೆ ಹೇಳೇವಿ, ಬರತೈತಿ ಅಂತಾರ." ಇಷ್ಟ ಸಾಕು.

ಇನ್‌ಲೆಟ್ ಜಾಳಿಗಿ ಕಡಿ ತಗದ ಕಸ, ಪ್ಲಾಸ್ಟಿಕ್, ಅರಬಿ ತುಂಡು ದಿನಾ ಎತ್ತಾಕತ್ತಾರೋ ಗುಂಪಿ ಹಾಕ್ಯಾರೋ ನೋಡ್ರಿ. ಚೇಂಬರಿನ ಕಾಂಕ್ರೀಟ್ ನೀರಿನ ಮಟ್ಟದ ಮ್ಯಾಲ ಉದರಿ ಜಲ್ಲಿ ಕಾಣತಿದ್ರ ಅಲ್ಲಿ ವರ್ಷಗಟ್ಲೆ ಸಲ್ಫೈಡ್ ಐತಿ, ಅದ ಗ್ಯಾಸ್ ತೇವದ ಗ್ವಾಡಿ ಮ್ಯಾಲ ಗಂಧಕಾಮ್ಲ ಆಗಿ ಸಿಮೆಂಟ್ ತಿನ್ನತೈತಿ.

ಏರೇಶನ್ ಟಾಕಿ ಮುಂದ ಸ್ವಲ್ಪ ಹೊತ್ತು ನಿಂದರ್ರಿ, ಇಡೀ ಪ್ಲ್ಯಾಂಟಿನ ಜೀವ ಇಲ್ಲೈತಿ. ನೀರು ಚಾಕಲೇಟ್ ಬಣ್ಣ ಇರಬೇಕು, ಕರ್ರಗ ಇದ್ರ ಒಳಗಿನ ಬ್ಯಾಕ್ಟೀರಿಯಾ ಉಸರುಗಟ್ಟಿ ಸಾಯಾಕತ್ತಾವ. ಗುಳ್ಳಿ ಸಣ್ಣಾವು, ಇಡೀ ಟಾಕಿ ತುಂಬ ಒಂದ ಸಮ ಬರಬೇಕು. ಒಂದ ಮೂಲ್ಯಾಗ ಅಷ್ಟ ಎಸರು ಕುದ್ಧಂಗ ಗಬಗಬ ಕುದ್ಯಾಕತ್ತೈತಿ, ಉಳದ ಕಡಿ ನೀರು ಸುಮ್ನ ನಿಂತೈತಿ ಅಂದ್ರ ತಳದಾಗ ಗುಳ್ಳಿ ಬಿಡೋ ಡಿಫ್ಯೂಸರಿನ ರಬ್ಬರ್ ಅಲ್ಲಿ ಹರದೈತಿ, ಗಾಳಿ ಎಲ್ಲಾ ಅಲ್ಲೇ ಹೊಂಟೈತಿ. ಎಲ್ಲಾ ಕಡಿ ಗುಳ್ಳಿ ಕಡಿಮಿ, ಬ್ಲೋವರಿನ ಪ್ರೆಶರ್ ಗೇಜ್ ಮಾಮೂಲಿಗಿಂತ ಮ್ಯಾಲ ಅಂದ್ರ ಡಿಫ್ಯೂಸರ್ ಕಟ್ಟಿಕೊಂಡಾವ. ಗೇಜ್ ಕೆಳಗ ಐತಿ ಗುಳ್ಳಿನೂ ಕಡಿಮಿ ಅಂದ್ರ ಬೆಲ್ಟ್ ಜಾರಾಕತ್ತೈತಿ, ಇಲ್ಲಾ ಏರ್ ಫಿಲ್ಟರ್ ಧೂಳು ಹಿಡದೈತಿ, ಇಲ್ಲಾ ಪೈಪ್ ಲೀಕ್. ಡಿಒ ಮೀಟರ್ (ನೀರಿನ್ಯಾಗ ಕರಗಿದ ಆಕ್ಸಿಜನ್ ಅಳಿಯೋದು) ಲೀಟರಿಗೆ 2 ಮಿಲಿಗ್ರಾಂ ಸುತ್ತಮುತ್ತ ತೋರಿಸಬೇಕು. ಅದು ದಿನಾ ಮೂರೂ ಹೊತ್ತು ಒಂದ ನಂಬರ್ ತೋರಿಸಾಕತ್ರ ಮೀಟರ್ ಸತ್ತೈತಿ, ಖರೆ ಮೀಟರ್ ಮುಂಜಾನಿ ಲೋಡಿಗೆ ಇಳದ ಇಳಿತೈತಿ.

ಮುಂದಿನ ಕ್ಲಾರಿಫೈಯರ್ ಅಂದ್ರ ಕೆಸರು ತಳಕ್ಕ ಕೂಡಸೋ ಟಾಕಿಯೊಳಗ ಕಪ್ಪು ಹೆಂಟಿ ಗುಳ್ಳಿ ಜೋಡಿ ಮ್ಯಾಲ ತೇಲಿ ಒಡ್ಯಾಕತ್ತಿದ್ರ ಕೆಸರು ತಳದಾಗ ಭಾಳ ಹೊತ್ತು ಕುಂತೈತಿ, ಹೊಳ್ಳಿ ಕಳಸೋ ಪಂಪು ಸಾಲಾಕತ್ತಿಲ್ಲ.

ಕೊನಿಗೆ ಹಿಂದಿನ ಮೂಲ್ಯಾಗ ಸ್ಲಡ್ಜ್ ಕಡಿ ಹೋಗ್ರಿ, ಅವರು ತೋರಿಸಾಕ ಒಲ್ಲೆ ಅಂತಾರ, ಅದಕ್ಕ ಹೋಗ್ರಿ. ನಾ ನೋಡಿದಾಗ ಲೇಔಟ್ ತನಕ ಬರೋ ವಾಸನಿಗೆ ಹೆಚ್ಚಾಗಿ ಇದ ಮೂಲ ಇರತೈತಿ. ಕೆಸರಿನ ನೀರು ಹಿಂಡೋ ಸೆಂಟ್ರಿಫ್ಯೂಜ್ ಕೆಟ್ಟು ನಿಂತಿರತೈತಿ, ಕೆಸರು ಗಟ್ಟಿ ಮಾಡೋ ಥಿಕ್ನರ್ ಟಾಕಿನ್ಯಾಗ ಒಂದ ದಿನದೊಳಗ ಖಾಲಿ ಆಗಬೇಕಾದ ಕೆಸರು ವಾರಗಟ್ಲೆ ಕೊಳಿತಿರತೈತಿ, ಒಣಗಸೋ ಬೆಡ್ಡಿನ ಮ್ಯಾಲ ಮಳಿ ನೀರು ನಿಂತು ಹಸಿ ಕೆಸರಿನ ಮ್ಯಾಲ ಮತ್ತ ಹಸಿ ಕೆಸರು. ಹೊರಗ ಹೋಗೋ ನೀರು ಮಾತ್ರ ತಿಳಿ ಇರತೈತಿ, ರಿಪೋರ್ಟ್ ಪಾಸ್!

ಒಂದು ಮಾತು ಜೀವದ್ದು. ಮುಚ್ಚಿದ ಚೇಂಬರ್, ವೆಟ್‌ವೆಲ್ ಒಳಗ ಬಗ್ಗಿ ನೋಡಬ್ಯಾಡ್ರಿ, ಇಳಿಯೋದಂತೂ ದೂರ ಉಳೀತು. ಹೈಡ್ರೋಜನ್ ಸಲ್ಫೈಡ್ ಗಾಳಿಯೊಳಗ 10 ಲಕ್ಷಕ್ಕ 100 ಭಾಗ ಆತಂದ್ರ ಮೂಗಿನ ನರ ಮರಗಟ್ಟಿ ವಾಸನಿನ ಬರಂಗಿಲ್ಲ, ವಾಸನಿ ಹೋತು ಅಂತ ಇಳದೋರು ಮ್ಯಾಲ ಬಂದಿಲ್ಲ. ಮಿಥೇನೂ ಇರತೈತಿ, ಬೀಡಿ ಹಚ್ಚೋದು ಬ್ಯಾಡ. ಮನುಷ್ಯಾರನ್ನ ರಕ್ಷಣಾ ಸಾಮಾನು ಇಲ್ಲದ ಚೇಂಬರಿಗೆ ಇಳಸೋದು 2013ರ ಕಾಯಿದೆ ಪ್ರಕಾರ ಗುನ್ನೆ, ಲಗೂ ಸ್ವಚ್ಛ ಮಾಡಸ್ರಿ ಅಂತ ನೀವು ಒತ್ತಡ ಹಾಕಿದಾಗ ಅವರು ಯಾರನ್ನ ಇಳಸಾಕತ್ತಾರ ಅನ್ನೋದ ಮ್ಯಾಲ ಕಣ್ಣಿರಲಿ.

ಮಂದಿಗೆ ಏನಾಗತೈತಿ

"ವಾಸನಿಯಿಂದ ಯಾರೂ ಸಾಯಂಗಿಲ್ರೀ" ಅನ್ನೋ ಮಾತು ಪ್ರತಿ ಮೀಟಿಂಗಿನ್ಯಾಗ ಬರತೈತಿ. ಲೇಔಟ್ ತನಕ ಬರೋ ಪ್ರಮಾಣದಾಗ ವಿಷ ಆಗಂಗಿಲ್ಲ ಅನ್ನೋದು ಹೆಚ್ಚಾಗಿ ಖರೆ. ಆದ್ರ ಮೂಗು ಈ ಗ್ಯಾಸನ್ನ ನೂರು ಕೋಟಿಗೆ ಕೆಲವೇ ಭಾಗ ಇದ್ರೂ ಹಿಡಿತೈತಿ, ಹಿಡದ ಮ್ಯಾಲ ತಲಿನೋವು, ಹೊಟ್ಟಿ ತೊಳಸೋದು, ಗಂಟಲ ಕೆರತ, ನಿದ್ದಿ ಇಲ್ಲದ್ದು, ಊಟಾ ಸೇರಲಾರದ್ದು, ಎಲ್ಲಾ ಶುರು. ವಿಶ್ವ ಆರೋಗ್ಯ ಸಂಸ್ಥೆ ಎರಡು ನಂಬರ್ ಬ್ಯಾರೆ ಬ್ಯಾರೆನ ಕೊಟ್ಟೈತಿ, ಆರೋಗ್ಯಕ್ಕ 24 ತಾಸಿನ ಸರಾಸರಿ ಘನ ಮೀಟರಿಗೆ 150 ಮೈಕ್ರೋಗ್ರಾಂ, ವಾಸನಿ ಕಾಟಕ್ಕ ಅರ್ಧ ತಾಸಿನ ಸರಾಸರಿ 7 ಮೈಕ್ರೋಗ್ರಾಂ. ಇವೆರಡರ ನಡುವ ಎಷ್ಟು ಜಾಗಾ ಐತಿ ನೋಡ್ರಿ, ನಮ್ಮ ಲೇಔಟ್‌ಗಳು ಕೂಡೋದು ಆ ಜಾಗಾದಾಗ.

ದಮ್ಮು ಇರೋ ಹಿರ್ಯಾರಿಗೆ ಜಾಸ್ತಿ ತ್ರಾಸು. ಮೇ ತಿಂಗಳದ ಸೆಕಿಯೊಳಗ ಖಿಡಕಿ ಹಾಕ್ಕೊಂಡು ಮಲಗಬೇಕು, ಸಂಜಿಮುಂದ ಕಟ್ಟಿ ಮ್ಯಾಲ ಕುಂತು ಮಾತಾಡೋದು ಬಂದ್, ಮ್ಯಾಲಿನ ಮನಿ ಬಾಡಗಿಗೆ ನೋಡಾಕ ಬಂದೋರು ಹಗಲೊತ್ತು ಒಪ್ಪಿ ಅಡ್ವಾನ್ಸ್ ಕೊಟ್ಟು ಎರಡು ತಿಂಗಳಿಗೆ ಖಾಲಿ ಮಾಡತಾರ. ವಾಸನಿ ಮುಚ್ಚಾಕ ಮನಿತುಂಬ ಊದಿನಕಡ್ಡಿ, ಧೂಪ ಹಾಕೋದು ಮಾತ್ರ ಬ್ಯಾಡ್ರಿ, ದಮ್ಮಿನವರಿಗೆ ಆ ಹೊಗಿ ಇನ್ನೂ ಕೆಟ್ಟ. ತಲಿನೋವು ವಾಸನಿ ಬಂದ ದಿನಾನ ಬರತೈತೋ ಅಂತ ದಾಖಲಿಯೊಳಗ ಇನ್ನೊಂದು ಕಾಲಂ ಹಾಕಿ ಡಾಕ್ಟರಿಗೆ ಅದನ್ನ ತೋರಸ್ರಿ, ಅವರು ಚೀಟಿಯೊಳಗ ಬರಕೊಟ್ರ ಅದಕ್ಕ ಒಂದು ತೂಕ.

ರಿಪೋರ್ಟ್ ತೋರಿಸಿ ಕಳಸಾಕ ಬಂದ್ರ

"ಏರ್ ಕ್ವಾಲಿಟಿ ಗ್ರೀನ್ ಐತ್ರಿ" ಅಂತಾರ. ನಮ್ಮ ದೇಶದ ಎಕ್ಯೂಐ (ಗಾಳಿ ಗುಣಮಟ್ಟದ ಸೂಚ್ಯಂಕ) ಲೆಕ್ಕದಾಗ ಎಂಟು ವಸ್ತು ಬರತಾವ, 2009ರ ರಾಷ್ಟ್ರೀಯ ಗಾಳಿ ಮಾನದಂಡದಾಗ ಹನ್ನೆರಡು, ಎರಡರಾಗೂ ಹೈಡ್ರೋಜನ್ ಸಲ್ಫೈಡ್ ಇಲ್ಲ. ಅಮೋನಿಯಾ ಐತಿ, ಅಷ್ಟ. "ನೀರಿನ ರಿಪೋರ್ಟ್ ಪಾಸ್ ಐತ್ರಿ" ಅಂತಾರ. 2017ರ ಎಸ್‌ಟಿಪಿ ಅಧಿಸೂಚನೆಯೊಳಗ ಪಿಎಚ್, ಬಿಒಡಿ (ನೀರಿನ್ಯಾಗಿನ ಹೊಲಸು ಕರಗಾಕ ಬೇಕಾಗೋ ಆಕ್ಸಿಜನ್), ತೇಲೋ ಕಣ, ಮಲದ ಬ್ಯಾಕ್ಟೀರಿಯಾ, ಇಷ್ಟಕ್ಕ ಮಿತಿ, ವಾಸನಿ ಅನ್ನೋ ಕಾಲಂ ಇಲ್ಲ. ಹಂಗಂತ ವಾಸನಿ ಅಳಿಯಾಕ ದಾರಿನ ಇಲ್ಲ ಅಂತಲ್ಲ, ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2008ರಾಗ ವಾಸನಿ ಮಾಲಿನ್ಯದ ಮ್ಯಾಲ ಒಂದು ಮಾರ್ಗಸೂಚಿನ ಮಾಡೈತಿ, ಅರ್ಜಿಯೊಳಗ ಅದರ ಹೆಸರು ಹಾಕ್ರಿ.

ನನ್ನ ಪ್ರಕಾರ ಎಲ್ಲಾಕ್ಕಿಂತ ಹರಿತಾದ ಕಾಗದ ಅಂದ್ರ ಪ್ಲ್ಯಾಂಟಿನ ಕರೆಂಟ್ ಬಿಲ್ಲು. ಪಾಲಿಕೆ ಪ್ಲ್ಯಾಂಟ್ ಆದ್ರ ಆರ್‌ಟಿಐ ಹಾಕ್ರಿ, ಫೀ 10 ರೂಪಾಯಿ, 30 ದಿನದೊಳಗ ಉತ್ತರ ಕೊಡಬೇಕು. ಒಂದು ವರ್ಷದ ತಿಂಗಳವಾರು ಯೂನಿಟ್, ಬ್ಲೋವರ್ ಎಷ್ಟು ಕಿಲೋವ್ಯಾಟ್, ಬ್ಲೋವರ್ ಓಡಿದ ತಾಸಿನ ಲಾಗ್‌ಬುಕ್, ಜನರೇಟರ್ ಡೀಸೆಲ್ ಲೆಕ್ಕ, ಸ್ಲಡ್ಜ್ ಎತ್ತಿದ ರಿಜಿಸ್ಟರ್ ಕೇಳ್ರಿ. ಆಮ್ಯಾಲ ಗುಣಾಕಾರ ನೀವ ಮಾಡ್ರಿ. 30 ಕಿಲೋವ್ಯಾಟ್ ಎಳಿಯೋ ಬ್ಲೋವರ್ ದಿನಾ 24 ತಾಸು, 30 ದಿನ ಓಡಿದ್ರ 21,600 ಯೂನಿಟ್ ಆಗತೈತಿ. ಪೂರ್ತಿ ಲೋಡ್ ಇರಂಗಿಲ್ಲ ಅಂತ ನೂರಕ್ಕ ಇಪ್ಪತ್ತೈದು ಬಿಟ್ರೂ 16,000 ಮ್ಯಾಲ ಇರಬೇಕು, ಪಂಪು ಲೈಟು ಬ್ಯಾರೆ. ಇಡೀ ಪ್ಲ್ಯಾಂಟಿನ ಬಿಲ್ಲ 11,000 ಯೂನಿಟ್ ಬಂದೈತಿ, ಲಾಗ್‌ಬುಕ್ಕಿನ್ಯಾಗ ಮಾತ್ರ ದಿನಾ 24 ತಾಸು ಅಂತ ಒಂದ ಪೆನ್ನಿನ್ಯಾಗ ಒಂದ ಅಕ್ಷರದಾಗ ಬರದೈತಿ ಅಂದ್ರ, ಮುಂದ ಮಾತಾಡೋ ಕೆಲಸ ಅವರದು.

ಅರ್ಜಿ ಪಾಲಿಕೆ ಝೋನಲ್ ಆಫೀಸಿಗೊಂದು, ಧಾರವಾಡದ ಮಾಲಿನ್ಯ ನಿಯಂತ್ರಣ ಮಂಡಳಿ ಪ್ರಾದೇಶಿಕ ಕಚೇರಿಗೊಂದು, ಎರಡಕ್ಕೂ ಸ್ವೀಕೃತಿ ಸಿಕ್ಕಾ ತಗೋರಿ. ತಪಾಸಣಿಗೆ ಬರೋದಾದ್ರ ನಿಮ್ಮ ದಾಖಲಿಯೊಳಗಿನ ಟೈಮಿಗೇ ಬರ್ರಿ ಅಂತ ಬರೀರಿ. ಅಷ್ಟಕ್ಕೂ ಅಲ್ಲಾಡಲಿಲ್ಲ ಅಂದ್ರ ಸಾರ್ವಜನಿಕ ಉಪದ್ರವ ತಗಸಾಕ ಕಾರ್ಯಪಾಲಕ ಮ್ಯಾಜಿಸ್ಟ್ರೇಟರ ಮುಂದ ಹೋಗಾಕ ಬರತೈತಿ, ಹಿಂದ ಸಿಆರ್‌ಪಿಸಿ 133 ಇತ್ತು, 2024ರ ಜುಲೈದಿಂದ ಅದು ನಾಗರಿಕ ಸುರಕ್ಷಾ ಸಂಹಿತೆ 152. ರತ್ಲಾಮ್ ಊರಿನ ಗಟಾರದ ಕೇಸಿನ್ಯಾಗ 1980ರಾಗ ಸುಪ್ರೀಂ ಕೋರ್ಟ್ ನಗರಸಭೆಗೆ ರೊಕ್ಕಿಲ್ಲ ಅನ್ನೋ ನೆಪ ನಡಿಯಂಗಿಲ್ಲ ಅಂತ ಹೇಳಿದ್ದು ಇದ 133ರ ಮ್ಯಾಲ.

ಏನ ಒಪ್ಪಬೇಕು, ಏನ ಒಪ್ಪಬಾರದು

ಕಂಪೌಂಡಿನ ಗುಂಟ ಸೆಂಟ್ ನೀರು ಸಿಂಪಡಸೋ ನಳಿಗಿ ಹಾಕತೀವಿ ಅಂದ್ರ ಒಪ್ಪಬ್ಯಾಡ್ರಿ, ಲಿಂಬಿಹಣ್ಣಿನ ವಾಸನಿ ಜೋಡಿ ತತ್ತಿ ವಾಸನಿ ಬರತೈತಿ, ಅದು ಇನ್ನೂ ಹೇಸಿಗಿ. ಗಿಡಾ ಹಚ್ಚತೀವಿ ಅಂದ್ರ ಹಚ್ಚಲಿ, ಆದ್ರ ಅದಕ್ಕ ಫೈಲ್ ಮುಚ್ಚಾಕ ಬಿಡಬ್ಯಾಡ್ರಿ, ದಟ್ಟ ಗಿಡದ ಸಾಲು ಗಾಳಿನ ಸ್ವಲ್ಪ ಮ್ಯಾಲ ಎತ್ತತೈತಿ, ಗ್ಯಾಸ್ ಹೀರಂಗಿಲ್ಲ. ಖರೆ ಕೆಲಸ ಅಂದ್ರ ಇನ್‌ಲೆಟ್ ಚೇಂಬರಿಗೂ ಥಿಕ್ನರಿಗೂ ಮುಚ್ಚಳ ಹಾಕಿ, ಒಳಗಿನ ಗಾಳಿನ ಫ್ಯಾನಿನಿಂದ ಎಳದು ಬಯೋಫಿಲ್ಟರ್ ಮೂಲಕ ಬಿಡೋದು. ಬಯೋಫಿಲ್ಟರ್ ಅಂದ್ರ ದೊಡ್ಡ ಮಷಿನ್ ಅಲ್ಲ, ಕಟಗಿ ಚೂರು, ಕಾಂಪೋಸ್ಟ್, ತೆಂಗಿನ ನಾರು ಹಾಕಿ ಒದ್ದಿ ಇಟ್ಟ ಹಾಸು, ಅದರಾಗಿನ ಬ್ಯಾಕ್ಟೀರಿಯಾ ಸಲ್ಫೈಡ್ ತಿಂತಾವ, ಒಣಗಾಕ ಬಿಟ್ರ ಮಾತ್ರ ಕೆಲಸ ನಿಲ್ಲತೈತಿ. ಸ್ಲಡ್ಜ್ ಹಿಂಡೋದು ಹಗಲೊತ್ತು ಬಿಸಲಿದ್ದಾಗ ಮಾಡ್ರಿ, ಟ್ರ್ಯಾಕ್ಟರಿಗೆ ತಾಡಪತ್ರಿ ಹಾಕ್ರಿ ಅನ್ನೋದಕ್ಕ ಯಾ ಟೆಂಡರೂ ಬೇಕಾಗಿಲ್ಲ, ಅದನ್ನ ಮೊದಲ ದಿನಾನ ಕೇಳ್ರಿ.

ಏರೇಶನ್ ಟಾಕಿ ಸತ್ತು ಹೋಗಿದ್ರ ಬ್ಲೋವರ್ ರಿಪೇರಿ ಆದ ಮರುದಿನ ವಾಸನಿ ಹೋಗಂಗಿಲ್ಲ, ಹೊಸಾ ಬ್ಯಾಕ್ಟೀರಿಯಾ ಬೆಳಿಯಾಕ ಎರಡು ಮೂರು ವಾರ ಬೇಕು, ಬ್ಯಾರೆ ಪ್ಲ್ಯಾಂಟಿಂದ ಚಲೋ ಸ್ಲಡ್ಜ್ ತಂದು ಹಾಕಿದ್ರ ಸ್ವಲ್ಪ ಲಗೂ. ಆ ಟೈಮಿನ್ಯಾಗ ಕೆಲವು ದಿನ ಇನ್ನೂ ಜಾಸ್ತಿನ ನಾರಬಹುದು, ಬಿಳಿ ನೊರಿ ಬರಬಹುದು, ತಡಕೋರಿ. ಕಂಪ್ಲೇಂಟ್ ಕ್ಲೋಸ್ ಮಾಡಾಕ ಸಹಿ ಕೇಳಾಕ ಬರತಾರ, ಮಳಿಗಾಲದಾಗ ಬಂದ್ರ ಸಹಿ ಹಾಕಬ್ಯಾಡ್ರಿ, ಆವಾಗ ಗಾಳಿನೂ ಇರತೈತಿ, ಕೊಳಚಿನೂ ತೆಳ್ಳಗ ಇರತೈತಿ, ಕೆಟ್ಟ ಪ್ಲ್ಯಾಂಟೂ ಸುಮ್ನಿರತೈತಿ. ಡಿಸೆಂಬರಿನ್ಯಾಗ ಗಾಳಿ ನಿಂತ ಒಂದು ವಾರ, ಮತ್ತ ಏಪ್ರಿಲ್‌ನ್ಯಾಗ ನಳ ಬಂದ ಒಂದು ಪಾಳಿ, ಈ ಎರಡೂ ಹೊತ್ತಿನ್ಯಾಗ ಅದ ಹತ್ತು ನಿಮಿಷದ ಪರೀಕ್ಷೆ ಮತ್ತ ಮಾಡಿ, ಹಳೇ ದಾಖಲಿ ಜೋಡಿ ಇಟ್ಟು ನೋಡಿ, ಆಮ್ಯಾಲ ಸಹಿ ಹಾಕ್ರಿ.